ಸೂಜಿ, ದಾರ ಮತ್ತು ಮೊಮ್ಮಗಳ ಬ್ಯಾಲೆ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನಾನು ಇಂಗ್ಲೆಂಡಿಗೆ ಹೋಗಿದ್ದೆ. ಮಗಳ ಮನೆ ಇರುವುದು ರೆಡಿಂಗ್ ಎಂಬ ಊರಿನಲ್ಲಿ, ಲಂಡನ್ನಿನ ಪಶ್ಚಿಮಕ್ಕೆ. ನೆಂಟರಾಗಿ ಹೋದವರಿಗೆ ಅಲ್ಲಿ ಒಂದು ಸಲಕ್ಕೆ 6 ತಿಂಗಳು ಇರಲು ಬಿಡುತ್ತಾರೆ. ಆರು ತಿಂಗಳು ಮಗಳ ಜೊತೆ ಕೂತು ಹರಟಬಹುದು, ಮೊಮ್ಮಕ್ಕಳಿಗೆ ಕೈತುತ್ತು ಹಾಕಬಹುದು ಅಂತ ಲೆಕ್ಕ ಹಾಕಿಕೊಂಡು ಹೋಗಿದ್ದೆ.

ವಿಮಾನ ಇಳಿದು ಕಾರಿನಲ್ಲಿ ಕೂತೆ. ಇನ್ನೂ ಬೆಲ್ಟ್ ಹಾಕಿಕೊಂಡಿಲ್ಲ, ಮಗಳು ಹೇಳಿದಳು: "ಅಮ್ಮ, ಒಂದೇ ಒಂದು ಮಾತು. ಪುಟ್ಟಿಯ ಮೈ ಬಗ್ಗೆ ಏನೂ ಹೇಳಬೇಡ. ಸಣ್ಣ ಆಗಿದೀಯ ಅಂತಲೂ ಬೇಡ, ದಪ್ಪ ಆಗಿದೀಯ ಅಂತಲೂ ಬೇಡ."

ನನಗೆ ಸಿಟ್ಟೇ ಬಂತು. ಎರಡು ವರ್ಷದ ಮೇಲೆ ಮೊಮ್ಮಗಳನ್ನು ನೋಡುವ ಅಜ್ಜಿ ಬಾಯಿ ತೆಗೆದರೆ ಮೊದಲು ಬರುವ ಮಾತೇ ಅದು, ಅಲ್ವಾ? ಆದರೂ "ಆಯ್ತಮ್ಮ" ಅಂದೆ.

ಪುಟ್ಟಿಗೆ 14 ವರ್ಷ. ಬ್ಯಾಲೆ ಕಲಿಯುತ್ತಾಳೆ. ಬ್ಯಾಲೆ ಅಂದರೆ ಕಾಲ್ಬೆರಳ ತುದಿಯ ಮೇಲೆ ನಿಂತು ಆಡುವ ಯುರೋಪಿನ ನೃತ್ಯ. ಇಟಲಿಯ ಅರಮನೆಗಳಲ್ಲಿ ಹುಟ್ಟಿ ಫ್ರಾನ್ಸಿಗೆ ಬಂತು. ಅಲ್ಲಿನ ರಾಜ 14ನೇ ಲೂಯಿ ಸ್ವತಃ ಕುಣಿಯುತ್ತಿದ್ದವನು. 1661ರಲ್ಲಿ ನೃತ್ಯಕ್ಕೆಂದೇ ಒಂದು ಅಕಾಡೆಮಿ ಕಟ್ಟಿಸಿದ. ಹಾಗಾಗಿ ಇವತ್ತಿಗೂ ಲಂಡನ್ನಿರಲಿ, ಮಾಸ್ಕೋ ಇರಲಿ, ಟೀಚರ್ ಹೇಳುವ ಹೆಸರೆಲ್ಲ ಫ್ರೆಂಚೇ. ಪ್ಲಿಯೆ ಅಂದರೆ ಮಂಡಿ ಬಗ್ಗಿಸುವುದು. ಪಾದ ಎರಡೂ ಹೊರಕ್ಕೆ ತಿರುಗಿಸಿ ಅವಳು ಬಗ್ಗಿದಾಗ ನನಗೆ ನಮ್ಮ ಭರತನಾಟ್ಯದ ಅರಮಂಡಿಯೇ ಕಂಡಿತು. ಆದರೆ ನಮ್ಮಲ್ಲಿ ಹೆಜ್ಜೆ ನೆಲವನ್ನು ತಟ್ಟುತ್ತದೆ. ಅಲ್ಲಿ ನೆಲ ಬಿಟ್ಟು ಏಳುವುದೇ ಕೆಲಸ.

ವಾರದಲ್ಲಿ 5 ಸಂಜೆ ಕ್ಲಾಸು. ಶನಿವಾರ ರೈಲಿನಲ್ಲಿ ಲಂಡನ್ನಿಗೆ. ಮಧ್ಯಾಹ್ನ 3 ಗಂಟೆ ಚಿಲ್ಲರೆಗೆ ಸ್ಕೂಲ್ ಬಿಟ್ಟರೆ ಕಾರಿನಲ್ಲೇ ಬಟ್ಟೆ ಬದಲು, ಕಾರಿನಲ್ಲೇ ತಿಂಡಿ. ಒಂದು ಡಬ್ಬಿಯಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಬಾಳೆಹಣ್ಣು, ಬಾದಾಮಿ. ಮನೆಗೆ ವಾಪಸ್ ಬರುವಾಗ ರಾತ್ರಿ ಒಂಬತ್ತಾಗಿರುತ್ತದೆ. ಫ್ರಿಜ್ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದ್ದಾರೆ. ಯಾವತ್ತು ಯಾರು ಬಿಡಬೇಕು, ಯಾರು ಕರೆತರಬೇಕು ಅಂತ. ನನ್ನ ಮಗಳೂ ಅಳಿಯಂದಿರೂ ಆ ಚಾರ್ಟಿನಲ್ಲಿ ಎರಡು ಬಣ್ಣ, ಅಷ್ಟೇ. ಇಬ್ಬರೂ ಒಟ್ಟಿಗೆ ಮನೆಯಲ್ಲಿದ್ದ ಸಂಜೆಗಳನ್ನು ನಾನು ಬೆರಳಲ್ಲಿ ಎಣಿಸಿದ್ದೇನೆ.

ಒಂದೆರಡು ಸಲ ನಾನೂ ಜೊತೆಗೆ ಹೋದೆ. ಒಳಗೆ ಬಿಡುವುದಿಲ್ಲ. ಅಪ್ಪ ಅಮ್ಮ ನೋಡುತ್ತಾ ಕೂತರೆ ಮಕ್ಕಳು ಟೀಚರನ್ನು ಬಿಟ್ಟು ಅವರ ಮುಖ ನೋಡುತ್ತಾರಂತೆ. ಹಾಗಾಗಿ ಕಾರುಗಳೆಲ್ಲ ಕತ್ತಲಲ್ಲಿ ಸಾಲಾಗಿ ನಿಂತಿರುತ್ತವೆ. ಡಿಸೆಂಬರಿನಲ್ಲಿ ಅಲ್ಲಿ 4 ಗಂಟೆಗೇ ಕತ್ತಲು. ಒಂದೊಂದು ಕಾರಿನಲ್ಲೂ ಒಬ್ಬೊಬ್ಬರು. ಕಂಬಳಿ ಹೊದ್ದವರು, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟವರು, ಬಾಯಿ ತೆರೆದು ನಿದ್ದೆ ಹೋದವರು. ನಮ್ಮ ಅಳಿಯಂದಿರು ಆಫೀಸಿನ ಮೀಟಿಂಗುಗಳನ್ನು ಅಲ್ಲಿಂದಲೇ ಮುಗಿಸುತ್ತಾರೆ. ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿ ಕೊಡುತ್ತಾ ಹೇಳಿದರು: "ಅತ್ತೆ, ಅವಳು ಬಂದಾಗ ಕ್ಲಾಸ್ ಹೇಗಿತ್ತು ಅಂತ ಕೇಳಬೇಡಿ. ಬಾಗಿಲು ಹಾಕೋ ಸದ್ದಿನಲ್ಲೇ ಗೊತ್ತಾಗುತ್ತೆ."

ನಿಜ. ಅವತ್ತು ಬಾಗಿಲು ಸ್ವಲ್ಪ ಜೋರಾಗಿಯೇ ಬಿತ್ತು. ನಾವಿಬ್ಬರೂ ಮಾತಾಡಲಿಲ್ಲ.

ಮೊಮ್ಮಗನ ವಿಷಯ ಹೇಳಬೇಕು. ಅವನಿಗೆ 10 ವರ್ಷ. ಅವನು ಏನೇ ಕೇಳಿದರೂ ಆ ಮನೆಯಲ್ಲಿ ಸಿಗುವ ಉತ್ತರ ಒಂದೇ: "ಅಕ್ಕನ ಕ್ಲಾಸ್ ಇದೆಯಲ್ಲೋ." ಹೋಮ್‌ವರ್ಕ್ ಕಾರಿನ ಹಿಂದಿನ ಸೀಟಿನಲ್ಲಿ, ಫೋನಿನ ಬೆಳಕಿನಲ್ಲಿ. ಗೆಳೆಯನ ಹುಟ್ಟುಹಬ್ಬಕ್ಕೆ ಅರ್ಧದಲ್ಲಿ ಹೋಗಿ ಅರ್ಧದಲ್ಲಿ ಬರುವುದು. ಅವನು ಅಳುವ ಹುಡುಗ ಅಲ್ಲ. ಅಡುಗೆಮನೆಯಲ್ಲಿ ಒಂದು ಕಾಲು ಹಿಂದಕ್ಕೆ ಎತ್ತಿ, ಸೌಟು ಹಿಡಿದು ಅಕ್ಕನ ಅಣಕ ಮಾಡುತ್ತಾನೆ. ಅದೂ ಎಷ್ಟು ಸರಿಯಾಗಿ! ನಗು ಬಂತು. ಆಮೇಲೆ ಇಷ್ಟು ಚೆನ್ನಾಗಿ ಕಲಿಯಬೇಕಾದರೆ ಎಷ್ಟು ದಿನ ಕಾದಿರಬೇಕು ಅಂತ ಅನ್ನಿಸಿತು.

ನನಗೆ ಆ ಮನೆಯಲ್ಲಿ ಒಂದು ಕೆಲಸ ಸಿಕ್ಕಿದ್ದು ಶೂಗಳಿಂದ. ತುದಿಬೆರಳಿನ ಮೇಲೆ ನಿಲ್ಲಲು ಪಾಯಿಂಟ್ ಶೂ ಅಂತ ಹಾಕುತ್ತಾರೆ. ಒಳಗೆ ಕಬ್ಬಿಣ ಇರಬೇಕು, ಮರ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಏನೂ ಇಲ್ಲ. ಬಟ್ಟೆ, ಕಾಗದ, ಅಂಟು, ಇದನ್ನೇ ಪದರ ಪದರವಾಗಿ ಹಾಕಿ ಗಟ್ಟಿ ಮಾಡಿರುತ್ತಾರೆ. ಕೆಳಗೆ ಒಂದು ಚರ್ಮದ ಅಟ್ಟೆ, ಮೇಲೆ ಸ್ಯಾಟಿನ್. ಹಳೆಯ ಮಾದರಿಯದರಲ್ಲಿ ಎಡ ಬಲ ಅಂತಲೂ ಇಲ್ಲ. ಲಂಡನ್ನಿನಲ್ಲಿ ಫ್ರೀಡ್ ಅಂತ ಒಂದು ಕಂಪನಿ ಇದೆ, 1929ರದ್ದು. ಅಲ್ಲಿ ಶೂ ಮಾಡುವವರು ತಮ್ಮ ಹೆಸರು ಹಾಕುವುದಿಲ್ಲ. ಒಬ್ಬೊಬ್ಬರಿಗೂ ಒಂದು ಗುರುತು, ಮೀನೋ ಕಿರೀಟವೋ. ಅದನ್ನೇ ಅಟ್ಟೆಯ ಮೇಲೆ ಒತ್ತುತ್ತಾರೆ. ದೊಡ್ಡ ನರ್ತಕಿಯರು ತಮಗೆ ಒಗ್ಗಿದ ಗುರುತಿನವರ ಶೂಗಳನ್ನೇ ಕೇಳಿ ತರಿಸಿಕೊಳ್ಳುತ್ತಾರೆ.

ಒಂದು ಜೊತೆಗೆ ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಯ ಹತ್ತಿರ. ಬೆವರಿಗೆ ಅಂಟು ಮೆತ್ತಗಾಗಿ ಶೂ "ಸತ್ತುಹೋಗುತ್ತದೆ". ಅದು ಅವರ ಮಾತೇ. ಪುಟ್ಟಿಗೆ ಒಂದು ಜೊತೆ ಒಂದು ತಿಂಗಳು ಬಂದರೆ ಹೆಚ್ಚು. ಇನ್ನು ಹೊಸ ಶೂ ಬಂದ ದಿನ ಅವಳು ಮಾಡುವ ಕೆಲಸ ನೋಡಿದರೆ ನಿಮಗೆ ಎದೆ ಧಸಕ್ ಅನ್ನುತ್ತದೆ. ಮೆಟ್ಟಿಲಿಗೆ ಹೊಡೆಯುತ್ತಾಳೆ! ಅಟ್ಟೆಯನ್ನು ಬಗ್ಗಿಸಿ ಮುರಿಯುತ್ತಾಳೆ. ಕಾಲಿಗೆ ಒಗ್ಗಬೇಕಲ್ಲ, ಸದ್ದೂ ಕಡಿಮೆಯಾಗಬೇಕು.

ಅಂಗಡಿಯಿಂದ ಬರುವ ಶೂಗೆ ರಿಬ್ಬನ್ ಹೊಲಿದಿರುವುದಿಲ್ಲ. ಒಂದೊಂದು ಕಾಲಿಗೆ ಎರಡು ರಿಬ್ಬನ್, ಜೊತೆಗೆ ಎಲಾಸ್ಟಿಕ್, ಎಲ್ಲ ಕೈಯಲ್ಲೇ ಹೊಲಿಯಬೇಕು. "ನಾನು ಹೊಲೀತೀನಿ ಕೊಡೇ" ಅಂದೆ. ಮೈಸೂರಿನಿಂದ ಹೂ ಕಟ್ಟುವ ದಾರದ ಉಂಡೆ ಒಯ್ದಿದ್ದೆ. ಅದರಲ್ಲೇ ಹೊಲಿದೆ. ಎರಡೇ ದಿನಕ್ಕೆ ಪಟ್ ಅಂತ ಕಿತ್ತುಬಂತು. ಅಷ್ಟೇ ಅಲ್ಲ, ಶೂ ಅಂಚಿನೊಳಗೆ ಬಿಗಿಮಾಡುವ ಒಂದು ಎಳೆ ಇರುತ್ತದೆ. ಅದನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ಎಳೆದರೆ ಬರುವುದಿಲ್ಲ. ಪುಟ್ಟಿ ನಕ್ಕು ನಕ್ಕು ಹಲ್ಲಿನ ಸಂದಿ ತೆಗೆಯುವ ದಾರದ ಡಬ್ಬಿ ತಂದುಕೊಟ್ಟಳು. ಡೆಂಟಲ್ ಫ್ಲಾಸ್ ಅನ್ನುತ್ತಾರಲ್ಲ, ಅದು. ಬ್ಯಾಲೆ ಆಡುವವರು ಅದರಲ್ಲೇ ಹೊಲಿಯುತ್ತಾರಂತೆ, ಕೀಳುವುದಿಲ್ಲ. ನೈಲಾನಿನ ಹಾಗೆ ಜಾರುತ್ತದೆ, ಗಂಟು ನಿಲ್ಲುವುದೇ ಕಷ್ಟ. ಕೊನೆಗೆ ಮಲ್ಲಿಗೆ ಕಟ್ಟುವಾಗ ಹಾಕುವ ಗಂಟನ್ನೇ ಎರಡು ಸುತ್ತು ಹಾಕಿದೆ. ನಿಂತಿತು.

ಆ ಶೂಗಳ ಬಣ್ಣ ತಿಳಿ ಗುಲಾಬಿ. ಬಿಳಿಯರ ಕಾಲಿಗೆ ಹೊಂದುವ ಬಣ್ಣ ಅದು. ನಮ್ಮ ಪುಟ್ಟಿಯದು ನನ್ನದೇ ಬಣ್ಣ, ಕಂದು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರಿಗೆಂದು 1969ರಲ್ಲಿ ಶುರುವಾದ ಒಂದು ತಂಡದವರು ತಮ್ಮ ಮೈಬಣ್ಣದ್ದೇ ಕಾಲುಚೀಲ, ಶೂ ಹಾಕುವ ಪದ್ಧತಿ ತಂದರು. ಆದರೆ ಶೂ ಆ ಬಣ್ಣದಲ್ಲಿ ಸಿಗದೆ, ಮುಖಕ್ಕೆ ಹಚ್ಚುವ ಕ್ರೀಮನ್ನೇ ಶೂಗೆ ಬಳಿದುಕೊಳ್ಳುತ್ತಿದ್ದರು. ಇಂಗ್ಲೆಂಡಿನಲ್ಲಿ ಬ್ಯಾಲೆ ಬ್ಲ್ಯಾಕ್ ಎಂಬ ತಂಡ ಆ ಫ್ರೀಡ್ ಕಂಪನಿಯ ಜೊತೆ ಸೇರಿ ಕಂದು ಬಣ್ಣದ ಶೂ ಮಾಡಿಸಿದ್ದು 2018ರಲ್ಲಿ. ನಿನ್ನೆ ಮೊನ್ನೆ ಅಲ್ವಾ? ಪುಟ್ಟಿಯ ಬಳಿ ಅಂಥದ್ದೂ ಒಂದು ಜೊತೆ ಇದೆ. ಅದಕ್ಕೆ ರಿಬ್ಬನ್ ಹೊಲಿಯುವಾಗ ನನ್ನ ಕೈಗೂ ಶೂಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ಮೈಸೂರಿನಿಂದ ನನ್ನ ನಾದಿನಿ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ವೆಂಕಟಲಕ್ಷಮ್ಮನವರ ಊರಿನ ಮಗು. ಭರತನಾಟ್ಯ ಕಲಿಸಬಾರದಿತ್ತಾ ಅತ್ತಿಗೆ?" ಕಲಿಸಿದ್ದರು ಮಾರಾಯ್ತಿ, ಆರನೇ ವಯಸ್ಸಿನಲ್ಲಿ. ಅವಳೇ ಬಿಟ್ಟಳು. ಮೊದಮೊದಲು ನನಗೂ ಇದು ಚುಚ್ಚುತ್ತಿತ್ತು. ಆಮೇಲೆ ಉತ್ತರ ಹುಡುಕಿಟ್ಟುಕೊಂಡೆ. 1936ರಲ್ಲಿ ಮದರಾಸಿನಲ್ಲಿ ಭರತನಾಟ್ಯ ಕಲಿಸುವ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿದೇವಿಯವರೇ ಮೊದಲು ಬ್ಯಾಲೆ ಕಲಿತವರು. ರಷ್ಯಾದ ಬ್ಯಾಲೆ ನರ್ತಕಿ ಆನಾ ಪಾವ್ಲೋವಾ ಅವರ ತಂಡದವರೇ ಕಲಿಸಿದ್ದು. ನಿಮ್ಮ ದೇಶದ ನೃತ್ಯವನ್ನೂ ನೋಡಿ ಅಂತ ಹೇಳಿದ್ದು ಪಾವ್ಲೋವಾ. ಇನ್ನು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ರಾಮ್ ಗೋಪಾಲ್, 1960ರಲ್ಲಿ ಇಂಗ್ಲೆಂಡಿನ ಬ್ಯಾಲೆ ತಾರೆ ಅಲಿಸಿಯಾ ಮಾರ್ಕೋವಾ ಜೊತೆ ರಾಧಾಕೃಷ್ಣರಾಗಿ ಕುಣಿದವರು. ಅತ್ತ ರಷ್ಯಾದವರು 1877ರಲ್ಲೇ ಭಾರತದ ದೇವಸ್ಥಾನದ ನರ್ತಕಿಯ ಕಥೆ ಅಂತ ಒಂದು ದೊಡ್ಡ ಬ್ಯಾಲೆ ಮಾಡಿದ್ದರು, ಲಾ ಬಯದೇರ್ ಅಂತ. ನಾಯಕಿಯ ಹೆಸರು ನಿಕಿಯಾ, ನಾಯಕ ಸೋಲೋರ್, ರಾಜಕುಮಾರಿ ಗಮ್ಜಾಟಿ. ಯಾವ ಜಿಲ್ಲೆಯ ಹೆಸರುಗಳೋ ದೇವರೇ ಬಲ್ಲ. ಇದನ್ನೆಲ್ಲ ಹೇಳಿದ ಮೇಲೂ ನಾದಿನಿ "ಆದರೂ..." ಅಂದಳು. ಬಿಟ್ಟೆ.

ದೀಪಾವಳಿ ಬಂತು. ಒಬ್ಬಟ್ಟು ಮಾಡಿದ್ದೆ. ಪುಟ್ಟಿ ಲಂಗ ಬ್ಲೌಸ್ ಹಾಕಿಕೊಂಡು ಮಹಡಿಯಿಂದ ಇಳಿದುಬಂದಳು. ನನ್ನ ಬಾಯಿ ಸುಮ್ನಿರಬೇಕಲ್ಲ! "ಈಗ ನೋಡು, ಸ್ವಲ್ಪ ಮೈಕೈ ತುಂಬಿಕೊಂಡು ಎಷ್ಟು ಲಕ್ಷಣವಾಗಿ ಕಾಣ್ತೀಯ" ಅಂದುಬಿಟ್ಟೆ. ಹೊಗಳಿಕೆ ಅದು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅವಳು ನಕ್ಕಳು. ತಟ್ಟೆಗೆ ಹಾಕಿಕೊಂಡಿದ್ದ ಒಬ್ಬಟ್ಟನ್ನು ತಮ್ಮನ ತಟ್ಟೆಗೆ ಹಾಕಿದಳು. ಮಗಳು ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು.

ಅಲ್ಲಿಂದ ಮುಂದೆ ಡಬ್ಬಿಗಳು ಅರ್ಧ ತುಂಬಿಕೊಂಡೇ ವಾಪಸ್ ಬರತೊಡಗಿದವು. ನವೆಂಬರಿನ ಕೊನೆಗೆ ಮೊಣಕಾಲಿನ ಕೆಳಗಿನ ಮೂಳೆ ನೋವು ಅಂದಳು. ಸ್ಕ್ಯಾನ್ ತೆಗೆಸಿ ನೋಡಿದರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬಿದ್ದಿದ್ದಲ್ಲ. ಜಿಗಿದು ಜಿಗಿದು ಮೂಳೆ ದಣಿದು ಬಿರಿದದ್ದು.

ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳು ಕಾಲು ಮುಟ್ಟುವ ಮೊದಲು ಕೇಳಿದ ಪ್ರಶ್ನೆ: ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದೆಯಾ? ಎರಡನೆಯದು: ದಿನಕ್ಕೆ ಎಷ್ಟು ಸಲ ತಿಂತೀಯ? ಕಾಲಿಗೂ ಇದಕ್ಕೂ ಏನು ಸಂಬಂಧ ಅಂತ ನಾನು ಮಗಳ ಮುಖ ನೋಡಿದೆ. ಸಂಬಂಧ ಇದೆಯಂತೆ. ಮೈಗೆ ಬೇಕಾದಷ್ಟು ಹಾಕದೆ ದುಡಿಸಿದರೆ ದೇಹ ಖರ್ಚು ಕಡಿತ ಮಾಡುತ್ತದೆ. ಮುಟ್ಟು ತಪ್ಪುತ್ತದೆ, ಮೂಳೆ ಸವೆಯುತ್ತದೆ, ಗಾಯ ಮಾಯುವುದಿಲ್ಲ. 2014ರಲ್ಲಿ ಒಲಿಂಪಿಕ್ ಸಮಿತಿಯ ವೈದ್ಯರು ಇದಕ್ಕೆ ರೆಡ್-ಎಸ್ ಅಂತ ಹೆಸರು ಕೊಟ್ಟರು. ಓಡುವವರಿಗೆ, ಜಿಮ್ನಾಸ್ಟಿಕ್ಸ್ ಮಾಡುವವರಿಗೆ, ಹುಡುಗರಿಗೂ ಬರುತ್ತದೆ. ಆದರೆ ಗೋಡೆ ತುಂಬ ಕನ್ನಡಿ, ಮೈಗಂಟುವ ಬಟ್ಟೆ, ದಿನವೆಲ್ಲ ತನ್ನನ್ನೇ ನೋಡಿಕೊಳ್ಳುವ ಕೆಲಸ, ಇವೆಲ್ಲ ಇರುವ ಕಡೆ ಭಯ ಜಾಸ್ತಿ.

"ನನ್ನಿಂದ ಆಯ್ತಾ?" ಅಂತ ಮಗಳನ್ನು ಕೇಳಿದೆ. "ಒಂದು ಮಾತಿಗೆ ಮೂಳೆ ಬಿರಿಯಲ್ಲಮ್ಮ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಅವಳು ಆ ಮಾತನ್ನ ಇನ್ನೂ ಮರೆತಿಲ್ಲ" ಅಂದಳು.

ಪುಟ್ಟಿ 6 ವಾರ ಕುಣಿಯುವ ಹಾಗಿರಲಿಲ್ಲ. ಡಿಸೆಂಬರ್ ಅಂದರೆ ಅಲ್ಲಿ ಊರೂರಲ್ಲೂ ನಟ್‌ಕ್ರ್ಯಾಕರ್. 1892ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲ ಸಲ ಆಡಿದ ಬ್ಯಾಲೆ ಅದು, ಈಗ ಕ್ರಿಸ್‌ಮಸ್ಸಿನ ಹಬ್ಬದೂಟದ ಹಾಗೆ. ಅದರಲ್ಲಿ ಪುಟ್ಟಿಗೆ ಹಿಮದ ಹೂವಿನ ಪಾತ್ರ ಇತ್ತು. ಬೇರೆ ಹುಡುಗಿಗೆ ಹೋಯಿತು.

ಆಗ ಆ ಮನೆಯಲ್ಲಿ ಒಂದು ವಿಚಿತ್ರ ಆಯಿತು. ಸಂಜೆಗಳು ಖಾಲಿಯಾದವು. ಆರೂವರೆಗೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಮೊದಲ ದಿನ ಯಾರಿಗೂ ಮಾತೇ ಹೊರಡಲಿಲ್ಲ. ಯಾರು ಬಿಡುವುದು, ಯಾರು ಕರೆತರುವುದು ಅನ್ನುವುದನ್ನು ಬಿಟ್ಟು ಗಂಡ ಹೆಂಡತಿ ಬೇರೇನು ಮಾತಾಡಿ ಎಷ್ಟು ಕಾಲವಾಗಿತ್ತೋ. ಕೊನೆಗೆ ಮೊಮ್ಮಗ ಶುರು ಮಾಡಿದ. ಸ್ಕೂಲಿನ ಫುಟ್‌ಬಾಲ್ ತಂಡದಲ್ಲಿ ತನ್ನನ್ನು ಸೇರಿಸಿಕೊಂಡಿದ್ದಾರೆ ಅಂದ. ಯಾವಾಗ ಅಂದರೆ, ಎರಡು ತಿಂಗಳ ಹಿಂದೆ! ಆ ಶನಿವಾರ ಉಳಿದ ಮೂವರೂ, ಜೊತೆಗೆ ಶಾಲು ಹೊದ್ದ ನಾನು, ಕೆಸರು ಮೈದಾನದ ಪಕ್ಕ ನಿಂತು ನಡುಗಿದೆವು. ಅವರು ಸೋತರು. ಆದರೂ ಅವನು ಮನೆಗೆ ಬಂದು ಜೆರ್ಸಿ ಬಿಚ್ಚಲೇ ಇಲ್ಲ.

ನಾನೂ ಆ ದಿನಗಳಲ್ಲಿ ಒಂದು ಲೆಕ್ಕ ಇಟ್ಟೆ. ಫೋನಿನಲ್ಲಿ, ಮನೆಯಲ್ಲಿ, ಮಕ್ಕಳ ಮೈ ಬಗ್ಗೆ ನಾನು ಎಷ್ಟು ಸಲ ಮಾತಾಡುತ್ತೇನೆ ಅಂತ. ಸೊರಗಿದಾಳೆ, ಕಡ್ಡಿ ಆಗಿದಾಳೆ, ಗುಂಡಮ್ಮ, ಡುಮ್ಮಿ, ಕಪ್ಪಗಾಗಿದೀಯ, ಮುಖ ಬಾಡಿದೆ. ಮೊದಲ ದಿನವೇ ಲೆಕ್ಕ ತಪ್ಪಿತು. ಇವನ್ನೆಲ್ಲ ತೆಗೆದಿಟ್ಟರೆ ಒಂದು ಹುಡುಗಿಯ ಹತ್ತಿರ ಮಾತಾಡಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಹಾಗಾಗಿ ಸುಮ್ನೆ ಅವಳ ಪಕ್ಕ ಕೂತು ಹೊಲಿದೆ. ಅವಳೇ ಒಂದೊಂದಾಗಿ ಹೇಳತೊಡಗಿದಳು. 11ನೇ ವಯಸ್ಸಿನಲ್ಲಿ ಒಂದು ದೊಡ್ಡ ಶಾಲೆಯ ಆಯ್ಕೆಗೆ ಹೋಗಿದ್ದು. ಎದೆಗೆ ನಂಬರ್ ಚುಚ್ಚಿಕೊಂಡು ನಿಂತಿದ್ದು. ಆಗಲಿಲ್ಲ ಅಂತ ಬಂದ ಪತ್ರವನ್ನು ಇನ್ನೂ ಇಟ್ಟುಕೊಂಡಿರುವುದು. 16 ತುಂಬುವಾಗ ಮತ್ತೆ ಒಂದು ಅವಕಾಶ ಇದೆ.

"ಇಷ್ಟೆಲ್ಲ ಮಾಡಿ ಅವಳು ನರ್ತಕಿ ಆಗ್ತಾಳಾ?" ಅಂತ ಹೊರಡುವ ಹಿಂದಿನ ರಾತ್ರಿ ಮಗಳನ್ನು ಕೇಳಿದೆ. "ಗೊತ್ತಿಲ್ಲಮ್ಮ. ಗೊತ್ತಿಲ್ಲ ಅಂತ ಅವಳಿಗೂ ಗೊತ್ತು" ಅಂದಳು. ಜುಲೈನಲ್ಲಿ ನಡೆಯುವ ಬೇಸಿಗೆಯ ಕೋರ್ಸಿಗೆ ಪುಟ್ಟಿ ಆಯ್ಕೆಯಾಗಿದ್ದಳು. ಅಂದರೆ ಈ ವರ್ಷವೂ ಅವರು ಮೈಸೂರಿಗೆ ಬರುವುದಿಲ್ಲ. ನನಗೆ ಸಂತೋಷ ಆಯಿತು ಅಂದರೆ ಸುಳ್ಳಾಗುತ್ತದೆ.

ಹೋದ ಭಾನುವಾರ ವೀಡಿಯೋ ಕಾಲ್ ಬಂತು. ಪಾದ ಬೆಳೆದಿದೆಯಂತೆ, ಹೊಸ ಅಳತೆಯ ಶೂ. ತಾನೇ ರಿಬ್ಬನ್ ಹೊಲಿಯುತ್ತಿದ್ದಾಳೆ, ಗಂಟು ಜಾರುತ್ತಿದೆ. "ಅಜ್ಜಿ, ಆ ಹೂವಿನ ಗಂಟು ಹೇಗೆ ಹಾಕ್ತಿದ್ದೆ, ಇನ್ನೊಂದು ಸಲ ತೋರಿಸು." ಪರದೆಯ ತುಂಬ ಅವಳ ಮುಖ. ಎರಡು ತಿಂಗಳಾಗಿತ್ತು ನೋಡಿ. ನೋಡಿದ ಕೂಡಲೇ ಒಂದು ಮಾತು ನಾಲಿಗೆ ತುದಿವರೆಗೂ ಬಂತು.

"ಶೂ ಹತ್ತಿರ ಹಿಡಿಯೇ, ದಾರ ಕಾಣ್ತಿಲ್ಲ" ಅಂದೆ.