ಮಳೆಗಾಲದ ಸೈಕಲ್ ಅಭ್ಯಾಸ: ಕಾಲಿನ ಲಯ ಬಿಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಹೊರಗೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ ಸುರಿಯುತ್ತಿದೆ. ಮಡಿಕೇರಿಗೆ ವರ್ಷದಲ್ಲಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಈ ದಿನಗಳಲ್ಲಿ ತೆಳು ಟೈರಿನ ಸೈಕಲ್ ಹತ್ತಿ ಸಂಪಾಜೆ ಘಾಟಿ ಇಳಿಯುವುದನ್ನು ನಾನು ಸಾಹಸ ಎಂದು ಕರೆಯುವುದಿಲ್ಲ, ಅವಿವೇಕ ಎನ್ನುತ್ತೇನೆ. ಮಂಜಿನಲ್ಲಿ ಎದುರಿನ ಲಾರಿ ಕಾಣುವುದಿಲ್ಲ, ತಿರುವಿನಲ್ಲಿ ಎಲೆ ಮತ್ತು ಕೆಸರು ಸೇರಿ ರಸ್ತೆ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡವೇ ಕುಸಿದು ಆ ಹೆದ್ದಾರಿ ಮುಚ್ಚಿದ್ದನ್ನು ನಾವು ಯಾರೂ ಮರೆತಿಲ್ಲ. ಹಾಗಾಗಿ ಮಳೆಗಾಲದಲ್ಲಿ ಮನೆಯೊಳಗೇ ಸೈಕಲ್ ತುಳಿಯಿರಿ.

ಇಂದು ನನ್ನ ಮಾತು ಸೋಮವಾರಪೇಟೆಯಲ್ಲೋ ವಿರಾಜಪೇಟೆಯಲ್ಲೋ ನಾಪೋಕ್ಲಿನಲ್ಲೋ ಕುಳಿತು ಸ್ಮಾರ್ಟ್ ಟ್ರೈನರ್ ಕೊಂಡಿರುವವರಿಗೆ, ಕೊಳ್ಳಬೇಕೆಂದಿರುವವರಿಗೆ, ಮಂಡಿ ನೋವಿನಿಂದ ಮೈದಾನ ಬಿಟ್ಟು ಕೆಲವು ತಿಂಗಳು ಸೈಕಲ್ ತುಳಿಯುತ್ತಿರುವ ಹಾಕಿ ಆಟಗಾರರಿಗೆ. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಚೈನನ್ನು ನೇರವಾಗಿ ಯಂತ್ರದ ಗೇರುಗಳಿಗೆ ಕೂಡಿಸುವ ಸಾಧನವೇ ಸ್ಮಾರ್ಟ್ ಟ್ರೈನರ್. ಅದರಲ್ಲಿ ಸ್ವಯಂಚಾಲಿತ ಪ್ರತಿರೋಧ ನಿಯಂತ್ರಣ ಎಂಬ ಒಂದು ವ್ಯವಸ್ಥೆ ಇದೆ. ಸವಾರರು ಅದನ್ನು ಎರ್ಗ್ ಮೋಡ್ ಎನ್ನುತ್ತಾರೆ. ಅದರ ಬಗ್ಗೆ ನಾನು ಹೇಳಬೇಕಾದದ್ದು ಒಂದೇ ಮಾತು: ಕಾಲಿನ ಲಯ ಬಿಡಬೇಡಿ. ಇದನ್ನು ಇನ್ನೂ ಹಲವು ಬಾರಿ ಹೇಳುತ್ತೇನೆ, ಬೇಸರಿಸಬೇಡಿ.

ಮೊದಲು ಈ ಯಂತ್ರ ಏನು ಮಾಡುತ್ತದೆ ನೋಡೋಣ. ನೀವು ಮೊಬೈಲಿನಲ್ಲಿ 200 ವ್ಯಾಟ್ ಎಂದು ಹೇಳುತ್ತೀರಿ. ಅಲ್ಲಿಂದ ಮುಂದೆ ನೀವು ಎಷ್ಟೇ ವೇಗವಾಗಿ ತುಳಿದರೂ, ಎಷ್ಟೇ ನಿಧಾನವಾಗಿ ತುಳಿದರೂ, ನಿಮ್ಮಿಂದ 200 ವ್ಯಾಟ್ ಹೊರಡುವಂತೆ ಅದು ಪ್ರತಿರೋಧವನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ. ಒಳಗೆ ಒಂದು ಭಾರವಾದ ಲೋಹದ ಗಾಲಿ ಅಯಸ್ಕಾಂತದ ಕ್ಷೇತ್ರದಲ್ಲಿ ತಿರುಗುತ್ತಿರುತ್ತದೆ. ಅಯಸ್ಕಾಂತ ಬಲಗೊಂಡಂತೆ ಗಾಲಿಗೆ ತಡೆ ಹೆಚ್ಚುತ್ತದೆ. ಅಷ್ಟೇ. ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಡೆನ್ಮಾರ್ಕಿನ ವಿಜ್ಞಾನಿ ಆಗಸ್ಟ್ ಕ್ರೋಗ್ 1913ರಲ್ಲಿಯೇ ವಿದ್ಯುತ್ಕಾಂತದ ಬ್ರೇಕ್ ಇರುವ ಸೈಕಲ್ಲನ್ನು ಪ್ರಯೋಗಾಲಯದಲ್ಲಿ ಕಟ್ಟಿ, ಮನುಷ್ಯರನ್ನು ಅದರ ಮೇಲೆ ಕೂರಿಸಿ, ದುಡಿಯುವ ದೇಹ ಎಷ್ಟು ಉಸಿರು ಬಳಸುತ್ತದೆ ಎಂದು ಅಳೆದರು. 1920ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು, ಸ್ನಾಯುಗಳ ರಕ್ತನಾಳಗಳ ಕುರಿತ ಬೇರೆ ಕೆಲಸಕ್ಕೆ. ಅಂದು ಪ್ರಯೋಗಾಲಯಕ್ಕೆ ಮೀಸಲಾಗಿದ್ದ ಆ ತತ್ವ ಇಂದು ನಿಮ್ಮ ಮನೆಯ ಜಗಲಿಯ ಮೂಲೆಯಲ್ಲಿದೆ.

ಈಗ ಲಯದ ವಿಷಯಕ್ಕೆ ಬರುತ್ತೇನೆ. ಕಾಫಿ ಒಣಗಿಸುವ ಕಣವನ್ನು ನೆನೆದುಕೊಳ್ಳಿ. ಮಳೆ ಬರುವ ಸೂಚನೆ ಇದೆ, ಹಣ್ಣೆಲ್ಲ ಗೋದಾಮಿಗೆ ಹೋಗಬೇಕು, ನಿಮಿಷಕ್ಕೆ ಇಷ್ಟು ಕಿಲೋ ಎಂದು ಮೇಸ್ತ್ರಿ ಪಟ್ಟು ಹಿಡಿದಿದ್ದಾನೆ. ಸಣ್ಣ ಬುಟ್ಟಿ ಹೊತ್ತು ಚುರುಕಾಗಿ ಹಲವು ಸಲ ಓಡಾಡಬಹುದು, ಇಲ್ಲವೇ ದೊಡ್ಡ ಮೂಟೆ ಹೊತ್ತು ಕೆಲವೇ ಸಲ ಹೋಗಬಹುದು. ಸುಸ್ತಾಯಿತೆಂದು ನೀವು ನಡಿಗೆ ನಿಧಾನ ಮಾಡಿದರೆ ಮೇಸ್ತ್ರಿ ಲೆಕ್ಕ ತಗ್ಗಿಸುವುದಿಲ್ಲ, ಬುಟ್ಟಿಗೆ ಇನ್ನಷ್ಟು ತುಂಬಿಸುತ್ತಾನೆ. ಎರ್ಗ್ ಮೋಡ್ ಮಾಡುವುದೂ ಇದನ್ನೇ. ನಿಮಿಷಕ್ಕೆ 90 ಸುತ್ತು ತುಳಿಯುತ್ತಾ 200 ವ್ಯಾಟ್ ಕೊಡುವಾಗ ಪೆಡಲಿನ ಅಚ್ಚಿನ ಮೇಲೆ ಸುಮಾರು 21 ನ್ಯೂಟನ್ ಮೀಟರ್ ತಿರುಚುಬಲ ಬೇಕು. 60 ಸುತ್ತಿಗೆ ಇಳಿದರೆ 32 ಬೇಕು. 45ಕ್ಕೆ ಇಳಿದರೆ 42, ಅಂದರೆ ನೇರ ಎರಡು ಪಟ್ಟು. ಕಾಲು ಸೋತು ನಿಧಾನವಾದ ಕ್ಷಣದಲ್ಲೇ ಯಂತ್ರ ಹೊರೆ ಏರಿಸುತ್ತದೆ, ಹೊರೆ ಏರಿದ್ದರಿಂದ ಕಾಲು ಇನ್ನಷ್ಟು ನಿಧಾನವಾಗುತ್ತದೆ, ಹೊರೆ ಮತ್ತೂ ಏರುತ್ತದೆ, ಕೊನೆಗೆ ಪೆಡಲ್ ಕಲ್ಲಿನಂತೆ ನಿಂತುಬಿಡುತ್ತದೆ. ಸವಾರರು ಇದನ್ನು ಸಾವಿನ ಸುಳಿ ಎನ್ನುತ್ತಾರೆ. ಇದರಿಂದ ತಪ್ಪಿಸಿಕೊಳ್ಳುವ ದಾರಿ ಲಯ ಬಿಡದಿರುವುದು.

ಇದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಉದಾಹರಣೆ ಇದೆ. ವಿರಾಜಪೇಟೆ ತಾಲ್ಲೂಕಿನ ಒಂದು ತೋಟದ ಮನೆಯ ಹುಡುಗಿ ನನ್ನಲ್ಲಿ ತರಬೇತಿ ಪಡೆಯುತ್ತಿದ್ದಳು. ರಸ್ತೆಯ ಮೇಲೆ ಗಟ್ಟಿ ಸವಾರಳು. ಕುಶಾಲನಗರದಿಂದ ಆನೆಕಾಡು ದಾಟಿ ಮಡಿಕೇರಿಗೆ ಏರುವ ದಾರಿಯಲ್ಲಿ ಅವಳನ್ನು ಹಿಂದೆ ಹಾಕುವ ಹುಡುಗರು ಕಡಿಮೆ. ಮಳೆಗಾಲ ಬಂತು, ಅಪ್ಪ ಟ್ರೈನರ್ ಕೊಡಿಸಿದರು, ಕಾಫಿ ಮೂಟೆ ಇಡುವ ಕೋಣೆಯಲ್ಲಿ ಜಾಗ ಮಾಡಿಕೊಟ್ಟರು. ನಾನು ಬರೆದುಕೊಟ್ಟ ಪಾಠ ಸುಲಭದ್ದೇ: ಎಂಟು ನಿಮಿಷ ಗಟ್ಟಿಯಾಗಿ, ನಾಲ್ಕು ನಿಮಿಷ ಹಗುರವಾಗಿ, ಹೀಗೆ ನಾಲ್ಕು ಬಾರಿ. ಎರಡನೆಯದರ ತನಕ ಸರಿಯಾಗಿ ಹೋಗುತ್ತಿತ್ತು. ಮೂರನೆಯದರ ನಡುವೆ ಪೆಡಲ್ ನಿಂತುಹೋಗುತ್ತಿತ್ತು. ದಿನವೂ ಅದೇ ಕಥೆ. ಯಂತ್ರ ಕೆಟ್ಟಿದೆ ಎಂದು ಅಪ್ಪ, ಹುಡುಗಿಗೆ ರಕ್ತ ಕಡಿಮೆ ಎಂದು ಅಮ್ಮ, ಪಾಠವೇ ಹೆಚ್ಚಾಯಿತು ಎಂದು ಅಣ್ಣ.

ನಾನು ಹೋಗಿ ಪಕ್ಕದಲ್ಲಿ ನಿಂತು ನೋಡಿದೆ. ಮೂರನೆಯ ಸುತ್ತಿನಲ್ಲಿ ಉರಿ ಶುರುವಾದ ಕೂಡಲೇ ಅವಳು ಬೆಟ್ಟದಲ್ಲಿ ಮಾಡುವಂತೆ ಹಗುರ ಗೇರಿಗೆ ಬದಲಿಸಿದಳು. ರಸ್ತೆಯಲ್ಲಿ ಇದು ಸರಿಯಾದ ಬುದ್ಧಿ. ಎರ್ಗ್ ಮೋಡಿನಲ್ಲಿ ಗೇರು ಹಗುರವಾದ ಕ್ಷಣ ಕಾಲು ಸರ್ರನೆ ಓಡಿತು, ಎರಡು ಮೂರು ಸೆಕೆಂಡಿನಲ್ಲಿ ಯಂತ್ರ ಮತ್ತೆ ತಡೆ ಹೊಂದಿಸಿತು, ಅವಳಿಗೆ ಅದು ಗೋಡೆಗೆ ಬಡಿದಂತಾಯಿತು, ಲಯ ಮುರಿಯಿತು. ಮತ್ತೆ ಗೇರು ಬದಲಿಸಿದಳು, ಮತ್ತೆ ಮುರಿಯಿತು. ಸುತ್ತು 90ರಿಂದ 70ಕ್ಕೆ, 55ಕ್ಕೆ. ಆಮೇಲೆ ನಿಂತೇಹೋಯಿತು. ಕಾಲಿನಲ್ಲಿ ಶಕ್ತಿ ಇತ್ತು. ಉಸಿರೂ ಇತ್ತು. ಇಲ್ಲದ್ದು ಲಯ ಮಾತ್ರ.

ಗೇರು ಮುಟ್ಟಬೇಡ, ಪರದೆಯ ಮೇಲಿನ ವ್ಯಾಟ್ ನೋಡಬೇಡ, ಸುತ್ತನ್ನಷ್ಟೇ ಕಾಪಾಡು ಎಂದೆ. ಪ್ರಯತ್ನಿಸಿದಳು, ಆದರೆ ಕಣ್ಣು ಅಂಕಿಯ ಮೇಲೆಯೇ ಹೋಗುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವಳ ಅಜ್ಜ ಒಳಗೆ ಹೋಗಿ ದುಡಿ ಎಂಬ ಸಣ್ಣ ಚರ್ಮವಾದ್ಯ ತಂದರು. ಪುತ್ತರಿ ಸುಗ್ಗಿ ಹಬ್ಬದಲ್ಲಿ, ದುಡಿ ಬಾರಿಸುತ್ತಾ ಹಾಡುವ ದುಡಿಕೊಟ್ಟ್ ಪಾಟಿಗೆ ಕೂರುವ ಹಿರಿಯರು ಅವರು. ಕಕ್ಕಡದಲ್ಲಿ ದುಡಿ ಬಾರಿಸುವುದುಂಟೇ ಎಂದು ಅಜ್ಜಿ ಒಳಗಿನಿಂದ ಗದರಿದರು. ಇದು ಹಬ್ಬಕ್ಕಲ್ಲ, ಮೊಮ್ಮಗಳ ಕಾಲಿಗೆ ಎಂದು ಹೇಳಿ ಅಜ್ಜ ಕಾಫಿ ಮೂಟೆಯ ಮೇಲೆ ಕುಳಿತರು. ಎಷ್ಟು ವೇಗ ಬೇಕು ಎಂದು ನನ್ನನ್ನು ಕೇಳಿದರು. ನಿಮಿಷಕ್ಕೆ 90 ಪೆಟ್ಟು, ಬಲಗಾಲು ಕೆಳಗೆ ಬಂದಾಗಲೆಲ್ಲ ಒಂದು ಎಂದೆ. ನಾನು ಗಡಿಯಾರ ಹಿಡಿದು ಎಣಿಸಿದೆ. ಸ್ವಲ್ಪ ಹೊತ್ತಿನಲ್ಲೇ ಅವರ ಕೈ ಆ ನಡೆಯಲ್ಲಿ ಕೂತುಬಿಟ್ಟಿತು. ಹುಡುಗಿ ಕಣ್ಣು ಮುಚ್ಚಿ ತುಳಿದಳು. ಮೂರನೆಯ ಸುತ್ತು ದಾಟಿತು. ನಾಲ್ಕನೆಯದರ ಕೊನೆಯ ಎರಡು ನಿಮಿಷಗಳಲ್ಲಿ ಅವಳ ಭುಜ ಅಲುಗತೊಡಗಿತು, ಮುಖ ಕೆಂಪಾಯಿತು, ಅಜ್ಜ ಪೆಟ್ಟನ್ನು ಒಂದಿಷ್ಟೂ ಸಡಿಲಿಸಲಿಲ್ಲ, ಅವಳ ಕಾಲೂ ಸಡಿಲಲಿಲ್ಲ. ಅದೇ ಹುಡುಗಿ, ಅದೇ ಯಂತ್ರ, ಅದೇ 8 ನಿಮಿಷ. ಯಂತ್ರ ಕೆಟ್ಟಿದೆ ಎಂದಿದ್ದ ಅಪ್ಪ ಅದರ ಮೇಲಿನ ಬೆವರನ್ನು ತಾವೇ ಒರೆಸಿದರು.

ನಿಮ್ಮ ಮನೆಯಲ್ಲಿ ದುಡಿ ಇಲ್ಲದಿರಬಹುದು. ಮೊಬೈಲಿನಲ್ಲಿ ತಾಳ ಕೊಡುವ ತಂತ್ರಾಂಶ ಇದೆ, ನಿಮಿಷಕ್ಕೆ 90 ಬಡಿತದ ಹಾಡುಗಳೂ ಇವೆ. ಯಾವುದಾದರೂ ಸರಿ, 85ರಿಂದ 95ರ ನಡುವೆ ನಿಮಗೆ ಹೊಂದುವ ಒಂದು ಸುತ್ತನ್ನು ಆರಿಸಿಕೊಂಡು ಅದರಲ್ಲೇ ಇರಿ. ಕಷ್ಟವಾದಾಗ ನಿಧಾನ ಮಾಡಬೇಡಿ, ಒಂದೆರಡು ಸುತ್ತು ಹೆಚ್ಚಿಸಿ. ಹೆಚ್ಚಿಸಿದರೆ ಬುಟ್ಟಿ ಹಗುರವಾಗುತ್ತದೆ ಎಂಬುದು ಈಗ ನಿಮಗೆ ಗೊತ್ತು. ಸುಳಿಯೊಳಗೆ ಸಿಕ್ಕೇಬಿಟ್ಟಿರಾದರೆ ಗುದ್ದಾಡಬೇಡಿ. ಎರ್ಗ್ ಮೋಡನ್ನು ತಂತ್ರಾಂಶದಲ್ಲಿ ಒಮ್ಮೆ ಆಫ್ ಮಾಡಿ, ಹಗುರವಾಗಿ ತುಳಿದು 90ಕ್ಕೆ ಬನ್ನಿ, ಆಮೇಲೆ ಮತ್ತೆ ಹಾಕಿ. ವಿರಾಮದ ನಂತರ ಗಟ್ಟಿ ಸುತ್ತು ಶುರುವಾಗುವ ಐದು ಸೆಕೆಂಡು ಮೊದಲೇ ಕಾಲನ್ನು ಚುರುಕು ಮಾಡಿಕೊಂಡಿರಿ.

ಸಮಯ ಹೆಚ್ಚು ಉಳಿದಿಲ್ಲ. ಗೇರಿನ ವಿಷಯ ಬೇಗ ಹೇಳಿಬಿಡುತ್ತೇನೆ: ಮುಂದೆ ಸಣ್ಣ ಹಲ್ಲುಗಾಲಿ, ಹಿಂದೆ ನಡುವಿನ ಹಲ್ಲುಗಾಲಿ, ಚೈನು ನೇರವಾಗಿರಲಿ, ಪಾಠ ಮುಗಿಯುವ ತನಕ ಅದನ್ನು ಮುಟ್ಟಬೇಡಿ.

ಇನ್ನು ಸಂಖ್ಯೆ. ನೀವು ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ಶಕ್ತಿಗೆ ಎಫ್‌ಟಿಪಿ ಎನ್ನುತ್ತಾರೆ. ಪಾಠದ ಎಲ್ಲ ವ್ಯಾಟುಗಳೂ ಅದರ ಶೇಕಡಾ ಲೆಕ್ಕದಲ್ಲೇ ಬರುತ್ತವೆ. 20 ನಿಮಿಷ ಸಾಧ್ಯವಾದಷ್ಟು ಗಟ್ಟಿಯಾಗಿ ತುಳಿದು ಸರಾಸರಿಯ ಶೇಕಡಾ 95 ತೆಗೆದುಕೊಳ್ಳಿ. ಆ ಪರೀಕ್ಷೆಯಲ್ಲಿ ಎರ್ಗ್ ಮೋಡ್ ಆಫ್ ಆಗಿರಬೇಕು, ಏಕೆಂದರೆ ನೀವು ಎಷ್ಟು ಬಲ್ಲಿರಿ ಎಂಬುದು ಯಂತ್ರಕ್ಕೆ ಇನ್ನೂ ಗೊತ್ತಿಲ್ಲ. ನಿಮಿಷ ನಿಮಿಷಕ್ಕೂ ಹೊರೆ ಏರುವ ಇನ್ನೊಂದು ಪರೀಕ್ಷೆಯಲ್ಲಿ ಅದು ಆನ್ ಆಗಿರಬೇಕು. ಅಲ್ಲಿ ಕೊನೆಯ ಒಂದು ನಿಮಿಷದ ಅತ್ಯುತ್ತಮ ಶಕ್ತಿಯ ಶೇಕಡಾ 75 ನಿಮ್ಮ ಸಂಖ್ಯೆ. ಸ್ನೇಹಿತನದು 250 ಎಂದು ನೀವೂ 250 ಬರೆದುಕೊಳ್ಳಬೇಡಿ. ನನ್ನನ್ನು ನಿಜಕ್ಕೂ ಸಿಟ್ಟಿಗೇಳಿಸುವ ಸಂಗತಿ ಇದೊಂದೇ. 200 ಬಲ್ಲವನು 250 ಬರೆದರೆ, ಶೇಕಡಾ 90ರ ಪಾಠದಲ್ಲಿ 180 ಇರಬೇಕಾದ ಕಡೆ 225 ವ್ಯಾಟ್ ಬಂದು ಕೂರುತ್ತದೆ. ಅಂಥ ಹೊರೆಯಲ್ಲಿ ಅಜ್ಜನ ದುಡಿಯೂ ಲಯ ಉಳಿಸಲಾರದು.

ಹತ್ತು ಹದಿನೈದು ಸೆಕೆಂಡಿನ ಓಟದ ಅಭ್ಯಾಸಕ್ಕೆ ಈ ನಿಯಂತ್ರಣ ಬೇಡ. ಯಂತ್ರ ಹೊಂದಿಕೊಳ್ಳುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಎರಡು ನಿಮಿಷಕ್ಕಿಂತ ಉದ್ದದ, ಒಂದೇ ಹದದ ದುಡಿಮೆಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಯಂತ್ರವೇ ಎಲ್ಲವನ್ನೂ ಮಾಡಿದರೆ ನಮಗೆ ಏನು ಲಾಭ ಎಂದು ಕೇಳುವವರಿದ್ದಾರೆ. ದಯವಿಟ್ಟು ಒಮ್ಮೆ ಹತ್ತಿ ಕುಳಿತು 20 ನಿಮಿಷ ತುಳಿದು, ಆಮೇಲೆ ಕೇಳಿ.

ನಮ್ಮ ಜಿಲ್ಲೆಗೆಂದೇ ಇನ್ನೆರಡು ಮಾತು. ಮೊದಲನೆಯದು ಫ್ಯಾನ್. ಚಳಿ ಇದೆಯಲ್ಲ, ಫ್ಯಾನ್ ಏಕೆ ಎನ್ನುತ್ತಾರೆ. ಮಳೆಗಾಲದ ನಮ್ಮ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಮೈ ಕಾದರೆ ಹೃದಯದ ಬಡಿತ ಏರುತ್ತದೆ, ಲಯ ಹೋಗುತ್ತದೆ. ಕಿಟಕಿ ತೆರೆದು, ಫ್ಯಾನನ್ನು ಎದೆಗೆ ನೇರವಾಗಿಟ್ಟು ಕುಳಿತುಕೊಳ್ಳಿ. ಮುಗಿದ ಮೇಲೆ ಸೈಕಲ್ಲಿನ ಹಿಡಿಕೆ, ಬೋಲ್ಟು, ಚೈನು ಒರೆಸಿ. ಬೆವರಿನ ಉಪ್ಪು, ಕಕ್ಕಡದ ತೇವ ಎರಡೂ ಸೇರಿದರೆ ತುಕ್ಕು ಹಿಡಿಯಲು ವಾರ ಸಾಕು.

ಎರಡನೆಯದು ಕರೆಂಟು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವುದು ಇಲ್ಲಿ ಯಾರಿಗೂ ಹೊಸದಲ್ಲ. ಹೆಚ್ಚಿನ ಟ್ರೈನರ್‌ಗಳು ಮನೆಯ ವಿದ್ಯುತ್ತಿನಿಂದಲೇ ನಡೆಯುತ್ತವೆ, ಅದು ಹೋದ ಕೂಡಲೇ ಪ್ರತಿರೋಧ ಕೈಬಿಡುತ್ತದೆ. ಕಾಲು ಒಮ್ಮೆಲೇ ಗಾಳಿಯಲ್ಲಿ ತಿರುಗಿದಂತಾಗುತ್ತದೆ. ನಿಂತು ತುಳಿಯುತ್ತಿದ್ದರೆ ಬೀಳುವ ಅಪಾಯವೂ ಇದೆ, ಹಾಗಾಗಿ ಗುಡುಗು ಮಿಂಚಿನ ಸಂಜೆ ಕುಳಿತೇ ತುಳಿಯಿರಿ. ಮಿಂಚು ಜೋರಾದರೆ ಪ್ಲಗ್ ಕಿತ್ತಿಡಿ. ಇನ್ವರ್ಟರ್ ಇದ್ದರೆ ಟ್ರೈನರ್ ಜೊತೆಗೆ ಮನೆಯ ವೈಫೈ ಪೆಟ್ಟಿಗೆಯನ್ನೂ ಅದಕ್ಕೇ ಜೋಡಿಸಿ. ಕರೆಂಟು ಮರಳಿ ಬಂದಾಗ ನಿಲ್ಲಿಸಿದ್ದಲ್ಲಿಂದಲೇ ಮುಂದುವರಿಯಲು ಹೋಗಬೇಡಿ. ಕಾಲು ತಣ್ಣಗಾಗಿರುತ್ತದೆ, ಯಂತ್ರ ಮಾತ್ರ ಹಳೆಯ ಪೂರ್ಣ ಹೊರೆಯನ್ನೇ ಹೇರುತ್ತದೆ. ಐದು ನಿಮಿಷ ಹಗುರವಾಗಿ ತುಳಿದು, ಸುತ್ತನ್ನು 90ಕ್ಕೆ ತಂದುಕೊಂಡು, ಆ ಮೇಲೆ ಪಾಠ ಮುಂದುವರಿಸಿ.

ನಮಸ್ಕಾರ.