ಕೋಳಿ ಕೂಗುವ ಹೊತ್ತಿನ ಕೆರೆ

ಎಲ್ಲರಿಗೂ ನಮಸ್ಕಾರ. ನೀವೆಲ್ಲ ಓದು ಮುಗಿಸಿ ಪರಿಸರದ ಕೆಲಸಕ್ಕೆ ಬರಲು ಹೊರಟವರು. ನೀರಿನ ಪರೀಕ್ಷೆ ನನ್ನ ಹೊಟ್ಟೆಪಾಡು. ಭಾನುವಾರ ಕೆರೆಗೆ ಹೋಗುವುದು ಸಂಬಳವಿಲ್ಲದ ಕೆಲಸ. ನನಗೆ ಜಾಸ್ತಿ ಕಲಿಸಿದ್ದು ಆ ಭಾನುವಾರಗಳು.

ಕೆಲಸಕ್ಕೆ ಸೇರಿದ ಹೊಸತು. ಒಂದು ಕೆರೆಯ ನೀರು ತರಲು ಹೋಗುತ್ತಿದ್ದೆವು. ಟ್ರಾಫಿಕ್ ದಾಟಿ ದಡ ಮುಟ್ಟುವಾಗ ಹನ್ನೊಂದು ಗಂಟೆ. ಮೀನಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ನಮ್ಮ ವರದಿಯಲ್ಲಿ ಯಾವಾಗಲೂ ಅದಕ್ಕಿಂತ ಜಾಸ್ತಿಯೇ. ಆದರೂ ಒಂದು ಬೇಸಿಗೆಯಲ್ಲಿ ದಡದುದ್ದಕ್ಕೂ ಮೀನು ಸತ್ತು ತೇಲಿದವು.

ಅಲ್ಲಿ ಬಲೆ ಬೀಸುವ ಹಿರಿಯರೊಬ್ಬರು ಹೇಳಿದರು: "ನೀವು ಬರೋ ಹೊತ್ತಿಗೆ ಕೆರೆ ಸುಧಾರಿಸ್ಕೊಂಡಿರುತ್ತೆ ಸಾರ್. ಕೋಳಿ ಕೂಗೋ ಹೊತ್ತಿಗೆ ಬಂದು ನೋಡಿ."

ಮುಂದಿನ ಭಾನುವಾರ ಅವರ ತೆಪ್ಪದಲ್ಲಿ ಕೂತೆ. ಇನ್ನೂ ಕತ್ತಲು. ಮೀನುಗಳು ಬಾಯಿ ಮೇಲೆತ್ತಿ ಗಾಳಿ ಎಳೆದುಕೊಳ್ಳುವ ಸದ್ದು ಸುತ್ತಲೂ ಕೇಳುತ್ತಿತ್ತು. ಬಾಟಲಿಗೆ ನೀರು ತುಂಬಿದೆ. ಎರಡು ದ್ರಾವಣ ಬಿಟ್ಟು, ಗುಳ್ಳೆ ಉಳಿಯದ ಹಾಗೆ ಬಿರಡೆ ಹಾಕಿ ಅಲುಗಿಸಿದೆ. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಇಳಿಯುತ್ತದೆ. ಇಲ್ಲದಿದ್ದರೆ ಬಿಳಿ. ಟಾರ್ಚ್ ಹಿಡಿದು ನೋಡಿದೆ. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು. ನನ್ನ ಕೈ ತಣ್ಣಗಾಯಿತು.

ಕಾರಣ ಪುಸ್ತಕದಲ್ಲಿ ಓದಿದ್ದೇ. ಕೊಳಚೆಯಲ್ಲಿ ಬರುವ ಸಾರಜನಕ, ರಂಜಕ ಉಂಡು ಪಾಚಿ ಕೊಬ್ಬುತ್ತದೆ. ಹಗಲು ಬಿಸಿಲಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ಇದ್ದದ್ದನ್ನೂ ಮುಗಿಸುತ್ತದೆ. ಇದರ ಮೇಲೆ ಬೇಸಿಗೆಯ ಮೊದಲ ಮಳೆ ಬಂದರೆ, ರಾಜಕಾಲುವೆಯಲ್ಲಿ, ಅಂದರೆ ಊರಿನ ಮಳೆನೀರು ಹರಿಯುವ ದೊಡ್ಡ ಕಾಲುವೆಯಲ್ಲಿ, ಕೂತಿದ್ದ ಕೊಳೆಯೆಲ್ಲ ಒಂದೇ ಸಲಕ್ಕೆ ಕೆರೆಗೆ ನುಗ್ಗುತ್ತದೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ತುಂಬ ಮೀನು ಸತ್ತು ತೇಲಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು, ಅಲ್ವಾ?

ಅಂದಿನಿಂದ ನನ್ನ ವರದಿಯಲ್ಲಿ ನೀರು ತೆಗೆದ ಗಂಟೆಯನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಬೆಳಗಿನ ಜಾವದ ಅಳತೆ ಇಲ್ಲದೆ ಕೆರೆ ಚೆನ್ನಾಗಿದೆ ಅಂತ ಸಹಿ ಹಾಕುವುದಿಲ್ಲ. ಇದಕ್ಕೆ ಆಫೀಸಿನಲ್ಲಿ ವಾದವೂ ನಡೆದಿದೆ.

ಕೊಳಚೆ ನೀರನ್ನು ಪಳಗಿಸಬಹುದು ಅನ್ನುವುದನ್ನು ನೋಡಲು ಬೆಂಗಳೂರಿನದೇ ಜಕ್ಕೂರು ಕೆರೆಗೆ ಹೋಗಿ. ದಿನಕ್ಕೆ 1 ಕೋಟಿ ಲೀಟರ್ ಶುದ್ಧ ಮಾಡಲು ಕಟ್ಟಿದ ಘಟಕ ಅಲ್ಲಿದೆ. ಅದರಿಂದ ಹೊರಬಂದ ನೀರು ಸೀದಾ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗಿನಲ್ಲಿ ನಿಧಾನ ಹರಿದು, ಉಳಿದ ಸಾರವನ್ನು ಗಿಡಗಳಿಗೆ ಕೊಟ್ಟು ಮುಂದೆ ಹೋಗುತ್ತದೆ. ಆದರೆ ಆ ಗಿಡ ಕೊಯ್ದು ಹೊರಗೆ ಹಾಕಬೇಕು. ಅಲ್ಲೇ ಕೊಳೆತರೆ ಉಂಡದ್ದೆಲ್ಲ ವಾಪಸ್ ನೀರಿಗೇ. ದಡದ ಪ್ಲಾಸ್ಟಿಕ್ ಹೆಕ್ಕುವುದು ಒಳ್ಳೆಯದೇ, ಸುಮ್ನೆ ಹೇಳುತ್ತಿಲ್ಲ. ಈ ಕೊಯ್ಲಿಗೆ ಮಾತ್ರ ಜನ ಸಾಲುವುದಿಲ್ಲ.

ನಿಮ್ಮ ಬಡಾವಣೆ ಹತ್ತಿರದ ಕೆರೆ ಯಾವುದು ಅಂತ ಹೋಗುವಾಗ ನನಗೆ ಹೇಳಿ ಹೋಗಿ. ಭಾನುವಾರ ಐದು ಗಂಟೆಗೆ ಏರಿ ಮೇಲೆ ಸಿಗೋಣ. ಬಾಟಲಿ ನಾನು ತರುತ್ತೇನೆ. ಟಾರ್ಚ್ ನೀವು ತನ್ನಿ.