ದಡ ಹತ್ತುವ ಹಡಗಿನ ದೀರ್ಘಾಯುಷ್ಯ

ಕೇಳುಗ ಬಂಧುಗಳಿಗೆ ನಮಸ್ಕಾರ.

ಯುದ್ಧನೌಕೆ ಎಂದ ಕೂಡಲೇ ಭಾರಿ ಫಿರಂಗಿ, ಎತ್ತರದ ಗೋಪುರ, ಅಲೆ ಸೀಳುವ ವೇಗ ಕಣ್ಣ ಮುಂದೆ ಬರುತ್ತವೆ. ಇಂದು ನಾನು ಹೇಳಹೊರಟಿರುವ ಹಡಗಿಗೆ ಇವು ಯಾವುವೂ ಇಲ್ಲ. ಅದು ಸುಮಾರು 328 ಅಡಿ ಉದ್ದ, 50 ಅಡಿ ಅಗಲದ ಉಕ್ಕಿನ ಪೆಟ್ಟಿಗೆ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳನ್ನು ನೇರವಾಗಿ ಶತ್ರುವಿನ ಮರಳ ದಡಕ್ಕೆ ಇಳಿಸಲೆಂದು ಅಮೆರಿಕ ಇಂಥವನ್ನು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿತು. ಎಲ್‌ಎಸ್‌ಟಿ, ಅಂದರೆ ‘ಲ್ಯಾಂಡಿಂಗ್ ಶಿಪ್, ಟ್ಯಾಂಕ್’ (ಟ್ಯಾಂಕು ಇಳಿಸುವ ಹಡಗು) ಎಂಬುದು ಅವುಗಳ ಹೆಸರು. ನಾವಿಕರು ಮಾತ್ರ ಆ ಮೂರು ಅಕ್ಷರಗಳನ್ನು ‘ಲಾರ್ಜ್ ಸ್ಲೋ ಟಾರ್ಗೆಟ್’, ಅಂದರೆ ‘ದೊಡ್ಡ, ನಿಧಾನದ ಗುರಿ’ ಎಂದು ಬಿಡಿಸಿ ನಗುತ್ತಿದ್ದರು. ಯುದ್ಧ ಮುಗಿದರೆ ಇವುಗಳ ಕೆಲಸವೂ ಮುಗಿಯಿತೆಂದು ಎಣಿಸಿದ್ದವರೇ ಹೆಚ್ಚು. ಆದರೆ ಹಡಗು ಸರಳವಾಗಿತ್ತು, ಸರಳವಾದುದರಿಂದಲೇ ಬಾಳಿತು.

ಅದರ ಕೆಲಸವನ್ನು ನೋಡಿ. ನಮ್ಮ ಹರಿಗೋಲಿನಂತೆ ಇದಕ್ಕೂ ಚಪ್ಪಟೆ ತಳ. ಸಮುದ್ರದಲ್ಲಿ ಹೋಗುವಾಗ ಒಳಗಿನ ತೊಟ್ಟಿಗಳಿಗೆ ನೀರು ತುಂಬಿಕೊಂಡು ಆಳಕ್ಕೆ ಇಳಿದು ಸ್ಥಿರವಾಗುತ್ತದೆ. ದಡ ಹತ್ತಿರವಾದಾಗ ಆ ನೀರನ್ನು ಪಂಪು ಮಾಡಿ ಹೊರಹಾಕಿದರೆ ಮೇಲೇಳುತ್ತದೆ, ಮುಂಭಾಗಕ್ಕೆ ಸುಮಾರು 4 ಅಡಿ ನೀರು ಸಾಕು. ದಡ ಮುಟ್ಟುವ ಮೊದಲೇ ಹಿಂಬದಿಯ ಲಂಗರನ್ನು ಸಮುದ್ರಕ್ಕೆ ಬಿಟ್ಟಿರುತ್ತಾರೆ. ಮೂತಿಯ ಎರಡು ಬಾಗಿಲು ತೆರೆದು, ಇಳಿಜಾರು ಹಲಗೆ ಕೆಳಗಿಳಿದು, ವಾಹನಗಳೆಲ್ಲ ಹೊರಟ ಮೇಲೆ ಅದೇ ಲಂಗರಿನ ಹಗ್ಗವನ್ನು ಸುತ್ತಿಕೊಳ್ಳುತ್ತ ಹಡಗು ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಂಜಿನ್ನುಗಳೋ, ರೈಲುಗಳಲ್ಲೂ ಓಡಿದ ಜಾತಿಯ ಡೀಸೆಲ್ ಇಂಜಿನ್ನುಗಳು. ಬಿಚ್ಚಿ ಜೋಡಿಸಲು ಬರುವವರು ಊರೂರಿನಲ್ಲಿ ಸಿಗುತ್ತಿದ್ದರು. ಮತ್ತೆ ಹೇಳುತ್ತೇನೆ, ಸರಳವಾಗಿತ್ತು.

ಈಗ ನನಗೆ ಅತಿ ಪ್ರಿಯವಾದ ಕಥೆ. ಎಲ್‌ಎಸ್‌ಟಿ 325 ಎಂಬ ಹಡಗು 1943ರ ಫೆಬ್ರವರಿಯಲ್ಲಿ ಸೇವೆಗೆ ಸೇರಿ, ಸಿಸಿಲಿ, ಸಲೆರ್ನೊ, ನಾರ್ಮಂಡಿಗಳನ್ನು ಕಂಡು, 1946ರಲ್ಲಿ ನಿವೃತ್ತವಾಯಿತು. 1964ರಲ್ಲಿ ಗ್ರೀಸ್ ಅದನ್ನು ಪಡೆದು ‘ಸಿರೋಸ್’ ಎಂದು ಹೆಸರಿಟ್ಟು 1999ರವರೆಗೆ ದುಡಿಸಿಕೊಂಡಿತು. ಆಮೇಲೆ ಕ್ರೀಟ್ ದ್ವೀಪದಲ್ಲಿ ತುಕ್ಕು ಹಿಡಿಯುತ್ತ ನಿಂತಿದ್ದ ಅದನ್ನು ಮನೆಗೆ ಒಯ್ಯಬೇಕೆಂದು 2000ದಲ್ಲಿ ಅಮೆರಿಕದಿಂದ ಹಳೆಯ ನಾವಿಕರ ಒಂದು ತಂಡ ಬಂದಿತು. ಅವರ ಸರಾಸರಿ ವಯಸ್ಸು ಸುಮಾರು 72. ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರಬೇಕಾದವರು ಎಂದು ನಾವು ಯಾರನ್ನು ಬದಿಗಿಡುತ್ತೇವೆಯೋ, ಅವರು ಗ್ರೀಸಿನ ಬೇಸಿಗೆಯಲ್ಲಿ ಉಕ್ಕಿನ ಕೋಣೆಗಳೊಳಗೆ ತುಕ್ಕು ಕೆರೆದು, ಪೈಪು ಬಿಗಿದು, ತಿಂಗಳುಗಟ್ಟಲೆ ದುರಸ್ತಿ ಮಾಡಿದರು. ಇಂಜಿನ್ನುಗಳು ಚಾಲೂ ಆದವು. ನವೆಂಬರಿನಲ್ಲಿ ಹೊರಟು, ಜಿಬ್ರಾಲ್ಟರಿನಲ್ಲಿ ತಂಗಿ, ಚಳಿಗಾಲದ ಅಟ್ಲಾಂಟಿಕ್ಕಿನ ಅಲೆಗಳಲ್ಲಿ ಆ ಚಪ್ಪಟೆ ತಳದ ಹಡಗನ್ನು ನಡೆಸಿಕೊಂಡು, 2001ರ ಜನವರಿ 10ರಂದು ಅಲಬಾಮಾದ ಮೊಬೀಲ್ ಬಂದರಿಗೆ ತಲುಪಿಸಿದರು. ಪವಾಡ ಎಂದು ಜನ ಬರೆದಾಗ, ಕ್ಷಮಿಸಿ, ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಹಡಗಿನ ಒಂದೊಂದು ಕವಾಟವೂ ಅವರ ಕೈಗೆ ಪರಿಚಿತವಾಗಿತ್ತು. ಕೈಯಿಂದ ಸರಿಮಾಡಲಾಗದ್ದು ಅದರಲ್ಲಿ ಕಡಿಮೆಯಿತ್ತು. ಇದರಲ್ಲಿ ಪವಾಡವೇನು ಬಂತು?

ಸಮಯ ಓಡುತ್ತಿದೆ, ಉಳಿದುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ ನೌಕಾಪಡೆ 1949ರಲ್ಲಿ ಪಡೆದ ಮೊದಲ ‘ಮಗರ್’ ಕೂಡ ಬ್ರಿಟನ್ನಿನಿಂದ ಬಂದ ಎಲ್‌ಎಸ್‌ಟಿಯೇ. ಫಿಲಿಪೀನ್ಸ್ 1999ರಲ್ಲಿ ಇಂಥದೇ ಇನ್ನೊಂದು ಹಡಗಾದ ‘ಸಿಯೆರ್ರಾ ಮಾದ್ರೆ’ಯನ್ನು ದಕ್ಷಿಣ ಚೀನಾ ಸಮುದ್ರದ ಹವಳದ ದಿಬ್ಬವೊಂದರ ಮೇಲೆ ಬೇಕೆಂದೇ ಹತ್ತಿಸಿ ನಿಲ್ಲಿಸಿತು, ತುಕ್ಕು ತಿಂದ ಅದರಲ್ಲಿ ಸೈನಿಕರ ಕಾವಲು ಇರಿಸಿ ಆ ದಿಬ್ಬ ತನ್ನದೆಂದು ಸಾಧಿಸುತ್ತಿದೆ.

325 ಈಗ ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ, ಓಹಿಯೋ ನದಿಯ ದಡದಲ್ಲಿದೆ. ಯುದ್ಧಕಾಲದಲ್ಲಿ ಅದೇ ಊರಿನ ಹಡಗು ಕಾರ್ಖಾನೆಯಿಂದ 167 ಎಲ್‌ಎಸ್‌ಟಿಗಳು ನೀರಿಗಿಳಿದಿದ್ದವು. ವಸ್ತುಸಂಗ್ರಹಾಲಯವಾದರೂ ಅದು ಕಟ್ಟಿಹಾಕಿದ ಹಡಗಲ್ಲ. ತನ್ನದೇ ಇಂಜಿನ್ನಿನ ಬಲದಿಂದ ಬೇರೆ ಊರುಗಳ ಯಾತ್ರೆಗೂ ಹೊರಟು, ದಡದಲ್ಲಿ ನಿಂತವರನ್ನು ಒಳಗೆ ಕರೆದುಕೊಳ್ಳುತ್ತದೆ.

ನಮಸ್ಕಾರ.